‘ಮೆಗ್ರಿಮ್’ ಶಬ್ದದ ಚರಿತ್ರೆ: ಒಂದು ಹಳೆಯ ತಲೆನೋವಿನ ಹೆಸರು ಮತ್ತು ಅದರ ಅರ್ಥಾಂತರಗಳು

೧

ಚರಿತ್ರೆಯ ಅಭ್ಯಾಸಿಗೆ ಶಾಸನ, ನಾಣ್ಯ, ಕಾಗದಪತ್ರಗಳು ಹೇಗೆ ಆಧಾರಗಳೋ ಶಬ್ದಗಳೂ ಹಾಗೆಯೇ ಆಧಾರಗಳು. ಶಾಸನದ ಕಲ್ಲು ಸವೆದರೆ ಅಕ್ಷರ ಕಾಣದೆ ಹೋಗುತ್ತದೆ. ನಾವು ಕೂಡಲೆ ಎಚ್ಚರಗೊಳ್ಳುತ್ತೇವೆ. ಶಬ್ದ ಸವೆದಾಗ ಹಾಗಾಗುವುದಿಲ್ಲ. ಅಕ್ಷರಗಳು ಅವೇ ಇರುತ್ತವೆ, ಅರ್ಥ ಮಾತ್ರ ಬೇರೆಯಾಗಿರುತ್ತದೆ. ಓದುವವನಿಗೆ ತಾನು ತಪ್ಪುತ್ತಿರುವೆನೆಂಬ ಅನುಮಾನವೂ ಬರುವುದಿಲ್ಲ.

ಕೆಲವು ಕಾಲದ ಹಿಂದೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಾಮಾಜಿಕ ಜೀವನವನ್ನು ಕುರಿತು ಪಾಠ ಹೇಳುತ್ತಿದ್ದಾಗ ‘ಮೆಗ್ರಿಮ್’ ಎಂಬ ಮಾತು ಬಂದಿತು. ನಿಘಂಟನ್ನು ನೋಡಿಬಂದಿದ್ದ ವಿದ್ಯಾರ್ಥಿಯೊಬ್ಬ ಅದಕ್ಕೆ ‘ಹುಚ್ಚು ಕಲ್ಪನೆ, ಚಪಲ’ ಎಂದು ಅರ್ಥ ಹೇಳಿದ. ಇನ್ನೊಬ್ಬ ವಿದ್ಯಾರ್ಥಿನಿ ಬೇರೊಂದು ನಿಘಂಟನ್ನು ಆಧರಿಸಿ ‘ಅರೆತಲೆನೋವು’ ಎಂದಳು. ಇಬ್ಬರೂ ನಿಘಂಟನ್ನು ಸರಿಯಾಗಿಯೇ ಓದಿದ್ದರು. ಈ ಒಂದು ಶಬ್ದಕ್ಕೆ ಇಂಗ್ಲಿಷ್ ನಿಘಂಟುಗಳು ಮುಖ್ಯವಾಗಿ ನಾಲ್ಕು ಅರ್ಥಗಳನ್ನು ಕೊಡುತ್ತವೆ: ಅರೆತಲೆನೋವು, ತಲೆಸುತ್ತು, ಹುಚ್ಚು ಕಲ್ಪನೆ ಅಥವಾ ಚಪಲ, ಬಹುವಚನದಲ್ಲಿ, ಮನಸ್ಸಿನ ಕುಗ್ಗು. ಇವುಗಳ ಜತೆಗೆ ಕುದುರೆಗಳಿಗೆ ಬರುವ ಒಂದು ರೋಗಕ್ಕೂ ಇದೇ ಹೆಸರುಂಟು.

ತೀವ್ರವಾದ ಒಂದು ದೇಹವ್ಯಾಧಿಯ ಹೆಸರು ಚಪಲದ ಹೆಸರಾದುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಭಾಷಾಶಾಸ್ತ್ರದ ಕುತೂಹಲವಲ್ಲ. ಹಳೆಯ ಪತ್ರವೊಂದರಲ್ಲಿ ಒಬ್ಬ ಹೆಂಗಸು ‘ಮೆಗ್ರಿಮ್’ನಿಂದ ಮೂರು ದಿನ ಹಾಸಿಗೆ ಹಿಡಿದಿದ್ದಳೆಂದಿದ್ದರೆ, ಅವಳು ನೋವಿನಿಂದ ಮಲಗಿದ್ದಳೆಂದು ಬರೆಯಬೇಕೆ, ಮುನಿಸಿನಿಂದ ಮಲಗಿದ್ದಳೆಂದು ಬರೆಯಬೇಕೆ? ಆ ತೀರ್ಪು ಚರಿತ್ರಕಾರನ ಕೈಯಲ್ಲಿದೆ. ಸತ್ತವರು ಬಂದು ಅದನ್ನು ತಿದ್ದಲಾರರು.

೨

ಮೊದಲು ಶಬ್ದದ ಹುಟ್ಟನ್ನು ನೋಡೋಣ. ಅದರ ಮೂಲ ಗ್ರೀಕ್ ಭಾಷೆಯ ‘ಹೆಮಿಕ್ರೇನಿಯ’. ‘ಹೆಮಿ’ ಎಂದರೆ ಅರ್ಧ, ‘ಕ್ರೇನಿಯೋನ್’ ಎಂದರೆ ತಲೆಬುರುಡೆ. ಇವೆರಡೂ ಸಂಸ್ಕೃತ ಬಲ್ಲವರಿಗೆ ಪರಕೀಯವಲ್ಲ. ‘ಹೆಮಿ’ ಎಂಬುದು ಸಂಸ್ಕೃತದ ‘ಸಾಮಿ’ (ಅರ್ಧ) ಎಂಬುದಕ್ಕೆ ಜ್ಞಾತಿ. ಲ್ಯಾಟಿನ್ನಿನ ‘ಸೆಮಿ’ಯೂ ಅದೇ ವಂಶದ್ದು. ‘ಕ್ರೇನಿಯೋನ್’ ಶಬ್ದಕ್ಕೂ ನಮ್ಮ ‘ಶಿರಸ್’ ಶಬ್ದಕ್ಕೂ ಮೂಲಧಾತು ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ.

ಕ್ರಿ. ಶ. ಎರಡನೆಯ ಶತಮಾನದ ಪ್ರಸಿದ್ಧ ವೈದ್ಯ ಗ್ಯಾಲನ್ ‘ಹೆಮಿಕ್ರೇನಿಯ’ ಎಂಬ ಹೆಸರನ್ನು ಬಳಸಿದ್ದಾನೆ. ಕಪ್ಪಡೋಷಿಯದ ಅರಿಟೇಯಸ್ ಎಂಬ ವೈದ್ಯ ಇದೇ ವ್ಯಾಧಿಯನ್ನು ‘ಹೆಟೆರೊಕ್ರೇನಿಯ’ ಎಂದು ಕರೆದು ವಿಸ್ತಾರವಾಗಿ ವರ್ಣಿಸಿದ್ದಾನೆ. ನೋವು ತಲೆಯ ಒಂದು ಪಾರ್ಶ್ವದಲ್ಲಿ ನಿಲ್ಲುವುದು, ರೋಗಿಯು ಬೆಳಕನ್ನು ಕಂಡರೆ ಹಿಂಜರಿಯುವುದು, ಕತ್ತಲೆಯಲ್ಲಿ ಅವನಿಗೆ ಸಮಾಧಾನ ದೊರೆಯುವುದು, ಬದುಕೇ ಬೇಸರವಾಗುವುದು, ಇವೆಲ್ಲವೂ ಅವನ ವರ್ಣನೆಯಲ್ಲಿವೆ. ಇವುಗಳಲ್ಲಿ ಬೆಳಕಿನ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇರೊಂದು ಸಂದರ್ಭದಲ್ಲಿ ಉಪಯೋಗಕ್ಕೆ ಬರುತ್ತದೆ.

ಭಾರತೀಯ ವೈದ್ಯಗ್ರಂಥಗಳಲ್ಲಿಯೂ ಈ ವ್ಯಾಧಿಗೆ ಪ್ರತ್ಯೇಕ ಸ್ಥಾನವಿದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹನ್ನೊಂದು ಬಗೆಯ ಶಿರೋರೋಗಗಳನ್ನು ಎಣಿಸಿದೆ. ಅವುಗಳಲ್ಲಿ ‘ಅರ್ಧಾವಭೇದಕ’ವೂ ಒಂದು. ಅರ್ಧವನ್ನು ಸೀಳುವುದು ಎಂಬುದೇ ಆ ಹೆಸರಿನ ಅರ್ಥ. ಅದು ಹದಿನೈದು ದಿನಕ್ಕೋ ಹತ್ತು ದಿನಕ್ಕೋ ಅಥವಾ ಅಕಸ್ಮಾತ್ತಾಗಿಯೋ ಬರುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಪಕ್ಷಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಕೆರಳಿ ತಾನಾಗಿಯೇ ಶಮನವಾಗುತ್ತದೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ರೋಗವು ಮರಳಿ ಮರಳಿ ಬರುವ ಈ ಗುಣವನ್ನು ನಮ್ಮ ಆಚಾರ್ಯರು ಗುರುತಿಸಿದ್ದುದು ಗಮನಾರ್ಹ.

ಅರಬ್ಬೀ ವೈದ್ಯರು ಇದನ್ನು ‘ಶಕೀಕಾ’ ಎಂದರು. ಸೀಳುವುದು, ಎರಡಾಗಿ ಮಾಡುವುದು ಎಂಬ ಅರ್ಥದ ಧಾತುವಿನಿಂದ ಬಂದ ಶಬ್ದವದು. ಹಿಂದಿಯ ‘ಆಧಾಸೀಸೀ’, ಮರಾಠಿಯ ‘ಅರ್ಧಶಿಶಿ’, ನಮ್ಮ ‘ಅರೆತಲೆನೋವು’ ಇವೆಲ್ಲ ಅರ್ಧವನ್ನೇ ಹೇಳುತ್ತವೆ. ತಮಿಳಿನವರು ಒಂಟಿತಲೆಯ ನೋವು ಎಂಬರ್ಥ ಬರುವಂತೆ ‘ಒಟ್ರೈತ್ತಲೈವಲಿ’ ಎನ್ನುತ್ತಾರೆ. ಇಂಗ್ಲಿಷಿನ ಪ್ರಾಚೀನ ರೂಪದಲ್ಲಿಯೂ ಇಂಥ ಹೆಸರಿತ್ತು. ‘ಬಾಲ್ಡನ ವೈದ್ಯಪುಸ್ತಕ’ವೆಂದು ಪ್ರಸಿದ್ಧವಾಗಿರುವ, ಹತ್ತನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದುಬಂದಿರುವ ಗ್ರಂಥದಲ್ಲಿ ‘ಅರ್ಧ ತಲೆಯ ನೋವು’ ಎಂದು ಅಕ್ಷರಶಃ ಅನುವಾದಿಸಬಹುದಾದ ‘ಹೆಆಲ್ಫೆಸ್ ಹೆಆಫ್ಡೆಸ್ ಎಚೆ’ ಎಂಬ ಪ್ರಯೋಗವಿದೆ. ಹೀಗೆ ಬೇರೆ ಬೇರೆ ನಾಡುಗಳ ಜನರು ನೋವಿನ ಕಾರಣವನ್ನು ಹಿಡಿಯಲು ಹೋಗದೆ, ನೋವು ಅನುಭವಿಸಿದವನು ಕೈಯಿಟ್ಟು ತೋರಿಸಿದ ಜಾಗವನ್ನೇ ಹೆಸರಾಗಿ ಇಟ್ಟರು. ರೋಗಿಯ ಸಾಕ್ಷ್ಯವೇ ರೋಗದ ಹೆಸರಾಯಿತು.

೩

ಗ್ರೀಕ್ ಹೆಸರು ಲ್ಯಾಟಿನ್ನಿಗೆ ‘ಹೆಮಿಕ್ರೇನಿಯ’ ಎಂದೇ ಹೋಯಿತು. ಮಧ್ಯಯುಗದಲ್ಲಿ ಅದು ‘ಎಮಿಗ್ರೇನಿಯ’, ‘ಮಿಗ್ರೇನಿಯ’ ಎಂದು ಕುಗ್ಗಿತು. ಫ್ರೆಂಚರಲ್ಲಿ ‘ಮಿಗ್ರೇನ್’ ಆಯಿತು. ಶಬ್ದದ ಮೊದಲ ಭಾಗ ಉದುರಿಹೋದರೂ ಲ್ಯಾಟಿನ್ ಬಲ್ಲವರಿಗೆ ಅರ್ಧವೆಂಬ ಅರ್ಥ ಮರೆತಿರಲಿಲ್ಲ. ಜರ್ಮನಿಯ ಬಿಂಗೆನ್ ಪಟ್ಟಣದ ಸಂನ್ಯಾಸಿನಿ ಹಿಲ್ಡೆಗಾರ್ಡ್ (೧೦೯೮-೧೧೭೯) ಬರೆದಳೆಂದು ಪ್ರಸಿದ್ಧವಾದ ವೈದ್ಯಗ್ರಂಥದಲ್ಲಿ, ಈ ನೋವು ಅರ್ಧ ತಲೆಯನ್ನೇ ಹಿಡಿಯುವುದೇಕೆ ಎಂಬ ವಿಚಾರ ಬಂದಿದೆ. ಇಡೀ ತಲೆಯನ್ನು ಒಮ್ಮೆಗೇ ಹಿಡಿದರೆ ಮನುಷ್ಯನು ತಾಳಲಾರನು ಎಂಬುದು ಅಲ್ಲಿಯ ಸಮಾಧಾನ. ಹನ್ನೆರಡನೆಯ ಶತಮಾನದಲ್ಲಿ ಆ ಹೆಸರಿನ ಒಳ ಅರ್ಥ ಇನ್ನೂ ಜೀವಂತವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಫ್ರೆಂಚಿನಿಂದ ಶಬ್ದವು ಮಧ್ಯಕಾಲೀನ ಇಂಗ್ಲಿಷಿಗೆ ಬಂದಿತು. ಹದಿನೈದನೆಯ ಶತಮಾನದ ಹೊತ್ತಿಗೆ ಅದು ಅಲ್ಲಿ ಬಳಕೆಯಲ್ಲಿತ್ತು. ಬರಹಗಾರರು ತಮ್ಮ ಕಿವಿಗೆ ಕೇಳಿದಂತೆ ‘ಮಿಗ್ರೇನ್’, ‘ಮಿಗ್ರೇಮ್’, ‘ಮಿಗ್ರಿಮ್’ ಎಂದೆಲ್ಲ ಬರೆದರು. ಕೊನೆಯ ನಕಾರವು ಮೊದಲಿನ ಮಕಾರದ ಪ್ರಭಾವದಿಂದ ಮಕಾರವಾಗಿ ‘ಮೆಗ್ರಿಮ್’ ಎಂಬ ರೂಪ ನಿಂತಿತು. ಅಷ್ಟರಲ್ಲಿ ಹಳೆಯ ಇಂಗ್ಲಿಷಿನ ‘ಅರ್ಧ ತಲೆಯ ನೋವು’ ಎಂಬ ಸ್ವಂತ ಮಾತು ಬಳಕೆಯಿಂದ ಮರೆಯಾಗಿತ್ತು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ‘ಮೆಗ್ರಿಮ್’ ಎಂಬ ಧ್ವನಿಯಲ್ಲಿ ಇಂಗ್ಲಿಷ್ ಆಡುವವನಿಗೆ ಅರ್ಧವೂ ಕೇಳುವುದಿಲ್ಲ, ತಲೆಯೂ ಕೇಳುವುದಿಲ್ಲ, ನೋವೂ ಕೇಳುವುದಿಲ್ಲ. ‘ಅರೆತಲೆನೋವು’ ಎಂದಾಗ ನಮ್ಮಲ್ಲಿ ಅಕ್ಷರ ಬಾರದವರಿಗೂ ಮೂರು ಭಾಗಗಳು ತಿಳಿಯುತ್ತವೆ. ಒಳಗಿನ ಅರ್ಥ ಕಾಣದಿರುವ ಶಬ್ದವು ತನ್ನ ಜಾಗದಿಂದ ಸರಿಯುವುದು ಸುಲಭ. ಅದನ್ನು ಹಿಡಿದು ನಿಲ್ಲಿಸುವ ಕಟ್ಟು ಶಬ್ದದೊಳಗೇ ಇರುವುದಿಲ್ಲ.

೪

ಹಾಗೆಂದು ‘ಮೆಗ್ರಿಮ್’ ಇಂಗ್ಲಿಷಿಗೆ ಬಂದ ಕೂಡಲೆ ಹಗುರವಾಯಿತೆಂದು ಭಾವಿಸಬಾರದು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಅದು ಎಲ್ಲರೂ ಒಪ್ಪಿದ, ಚಿಕಿತ್ಸೆ ಬೇಡುವ ವ್ಯಾಧಿ. ಗೃಹಿಣಿಯರು ಅಡಿಗೆಯ ವಿಧಾನಗಳನ್ನೂ ಮನೆಮದ್ದುಗಳನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ ಕಾಲವದು. ಜೇನ್ ಜ್ಯಾಕ್ಸನ್ ಎಂಬಾಕೆಯ ೧೬೪೨ರ ವೈದ್ಯ ಕೈಬರಹದಲ್ಲಿ ಈ ವ್ಯಾಧಿಗೆ ಒಂದಕ್ಕಿಂತ ಹೆಚ್ಚು ಮದ್ದುಗಳನ್ನು ಹೇಳಿದೆ. ಸೊಪ್ಪನ್ನು ಅರೆದು ಹಣೆಗೆ ಕಟ್ಟುವುದು ಆ ಕಾಲದ ಸಾಮಾನ್ಯ ಉಪಾಯ. ನಮ್ಮಲ್ಲಿ ಹಣೆಗೆ ಶುಂಠಿ ತೇಯ್ದು ಹಚ್ಚುವುದನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದು. ಮನೆಯಲ್ಲಿ ಬೆಲೆಬಾಳುವ ಕಾಗದದ ಮೇಲೆ ಬರೆದಿಟ್ಟು ಕಾಪಾಡಿದ ಮದ್ದು ಚಪಲಕ್ಕೆ ಮಾಡುವ ಮದ್ದಲ್ಲ.

ಇದೇ ಕಾಲದ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸಬೇಕು. ಆನ್ ಕಾನ್ವೇ (೧೬೩೧-೧೬೭೯) ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞೆ. ಸುಮಾರು ಹನ್ನೆರಡನೆಯ ವಯಸ್ಸಿನಿಂದ ಆಕೆಗೆ ಭಯಂಕರವಾದ ತಲೆನೋವು ಅಂಟಿಕೊಂಡಿತು, ಸಾಯುವವರೆಗೂ ಬಿಡಲಿಲ್ಲ. ಕೈಸ್ಪರ್ಶದಿಂದ ರೋಗ ಗುಣಪಡಿಸುವನೆಂದು ಹೆಸರಾಗಿದ್ದ ವ್ಯಾಲೆಂಟೈನ್ ಗ್ರೇಟ್‌ರೇಕ್ಸ್ ಎಂಬವನನ್ನು ೧೬೬೬ರಲ್ಲಿ ಐರ್ಲೆಂಡಿನಿಂದ ಕರೆಸಿದರೂ ಫಲವಾಗಲಿಲ್ಲ. ಮಿದುಳಿನ ರಚನೆಯನ್ನು ಶೋಧಿಸಿ ಪ್ರಸಿದ್ಧನಾದ ವೈದ್ಯ ಥಾಮಸ್ ವಿಲ್ಲಿಸ್ ಆಕೆಗೆ ಚಿಕಿತ್ಸೆ ಮಾಡಿದನು. ೧೬೭೨ರ ತನ್ನ ಗ್ರಂಥದಲ್ಲಿ ಹೆಸರು ಹೇಳದೆ ಆಕೆಯ ವೃತ್ತಾಂತವನ್ನು ಬರೆದಿದ್ದಾನೆ. ಆಕೆಯ ತತ್ತ್ವಗ್ರಂಥ ಮರಣಾನಂತರ ೧೬೯೦ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟವಾಯಿತು. ಚೇತನಕ್ಕೂ ದೇಹಕ್ಕೂ ನಡುವೆ ದಾಟಲಾರದ ಗೋಡೆಯಿಲ್ಲವೆಂದು ಆಕೆ ಅದರಲ್ಲಿ ವಾದಿಸುತ್ತಾಳೆ. ದೇಹದ ನೋವು ಚೇತನವನ್ನು ಮುಟ್ಟುವುದೂ ಆಕೆಯ ಯುಕ್ತಿಗಳಲ್ಲೊಂದು. ಆ ಕಾಲದ ದೊಡ್ಡ ವೈದ್ಯರಲ್ಲಿ ಯಾರೂ ಆಕೆಯ ನೋವನ್ನು ಚಪಲವೆಂದು ತಳ್ಳಿಹಾಕಲಿಲ್ಲ ಎಂಬುದು ನಮಗೆ ಮುಖ್ಯ.

ಆದರೆ ಇಷ್ಟರಲ್ಲಿಯೇ ‘ಮೆಗ್ರಿಮ್’ ಶಬ್ದದಲ್ಲಿ ಇನ್ನೊಂದು ಅರ್ಥ ಸೇರಿಕೊಂಡಿತ್ತು. ಫ್ರಾನ್ಸಿಸ್ ಬೇಕನ್ ಸತ್ತನಂತರ ಪ್ರಕಟವಾದ ಅವನ ಪ್ರಕೃತಿವಿಚಾರದ ಗ್ರಂಥ ‘ಸಿಲ್ವ ಸಿಲ್ವಾರಮ್’ನಲ್ಲಿ ಮೆಗ್ರಿಮ್ ಮತ್ತು ತಲೆಸುತ್ತು ಇವೆರಡನ್ನೂ ಜೋಡಿಯಾಗಿಯೇ ಹೇಳಿದೆ, ಕಣ್ಣು ಕತ್ತಲೆಗಟ್ಟುವುದೂ ಸುತ್ತಲಿನದೆಲ್ಲ ತಿರುಗಿದಂತಾಗುವುದೂ ಅಲ್ಲಿ ಬರುವ ಲಕ್ಷಣಗಳು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅರೆತಲೆನೋವಿನಲ್ಲಿ ಅನೇಕರಿಗೆ ಕಣ್ಣು ಮಂಜಾಗುವುದು, ತಲೆ ಸುತ್ತುವುದು ಇದ್ದೇ ಇದೆ. ಆದರೆ ಶಬ್ದದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಅರ್ಧವೆಂಬ ಅರ್ಥ ಹೋದಮೇಲೆ ನೋವೆಂಬ ಅರ್ಥವೂ ಹಿಂದಕ್ಕೆ ಸರಿದು, ತಿರುಗುವುದೆಂಬ ಅರ್ಥ ಮುಂದಕ್ಕೆ ಬಂದಿತು.

ಕುದುರೆಗಳ ರೋಗಕ್ಕೆ ಈ ಹೆಸರು ಬಂದುದೂ ಇದೇ ದಾರಿಯಲ್ಲಿ. ಗಾಡಿಗೆ ಕಟ್ಟಿದ ಕುದುರೆ ಇದ್ದಕ್ಕಿದ್ದಂತೆ ನಿಂತು, ತಲೆ ಕೊಡವಿ, ತತ್ತರಿಸಿ ಬೀಳುವುದನ್ನು ಅಶ್ವವೈದ್ಯರು ‘ಮೆಗ್ರಿಮ್ಸ್’ ಎಂದರು. ಕುದುರೆಯು ತನಗೆ ಅರ್ಧ ತಲೆ ನೋಯುತ್ತಿದೆಯೆಂದು ಹೇಳಲಾರದು. ನೋಡುವವನಿಗೆ ಕಾಣುವುದು ತತ್ತರಿಸುವುದು ಮಾತ್ರ. ಒಳಗಿನಿಂದ ಇಟ್ಟ ಹೆಸರು ಈಗ ಹೊರಗಿನಿಂದ ನೋಡುವವನ ಹೆಸರಾಯಿತು.

೫

ತಲೆ ತಿರುಗುವುದರಿಂದ ಬುದ್ಧಿ ತಿರುಗುವುದಕ್ಕೆ ಬಹಳ ದೂರವಿಲ್ಲ. ‘ಅವನ ತಲೆ ತಿರುಗಿದೆ’ ಎಂದರೆ ನಮ್ಮಲ್ಲಿಯೂ ಎರಡು ಅರ್ಥ. ಇಂಗ್ಲಿಷಿನಲ್ಲಿ ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ‘ಮೆಗ್ರಿಮ್’ ಶಬ್ದಕ್ಕೆ ತಲೆಯಲ್ಲಿ ಹೊಕ್ಕ ವಿಚಿತ್ರ ಕಲ್ಪನೆ, ಚಪಲ ಎಂಬ ಅರ್ಥ ಬಂದಿತ್ತು. ಮುಂದಿನ ಶತಮಾನದಲ್ಲಿ ‘ಮೆಗ್ರಿಮ್ಸ್’ ಎಂಬ ಬಹುವಚನವು ಮಂಕು, ಮನಸ್ಸಿನ ಕುಗ್ಗು ಎಂಬರ್ಥದಲ್ಲಿ ರೂಢಿಗೆ ಬಂದಿತು. ನಮ್ಮ ವ್ಯಾಕರಣಗ್ರಂಥಗಳ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲು ಅರ್ಥವಿಸ್ತಾರ, ಅನಂತರ ಹೀನಾರ್ಥಪ್ರಾಪ್ತಿ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನರಗಳ ದೌರ್ಬಲ್ಯವನ್ನು ಕುರಿತ ಚರ್ಚೆ ಬಹಳವಾಗಿ ನಡೆಯಿತು. ಜಾರ್ಜ್ ಚೇನಿ ಎಂಬ ವೈದ್ಯನು ೧೭೩೩ರಲ್ಲಿ ಇಂಥ ವ್ಯಾಧಿಗಳಿಗೆ ‘ಇಂಗ್ಲಿಷ್ ವ್ಯಾಧಿ’ ಎಂಬ ಹೆಸರಿಟ್ಟೇ ಗ್ರಂಥ ಬರೆದನು. ಗುಲ್ಮದಿಂದ, ಒಳಗಿನ ಆವಿಗಳಿಂದ ಮನಸ್ಸು ಕೆಡುತ್ತದೆಂಬ ಹಳೆಯ ಕಲ್ಪನೆಯೂ ಜತೆಗಿತ್ತು. ಈ ವಾತಾವರಣದಲ್ಲಿ ಸಿರಿವಂತ ಮನೆಯ ಹೆಂಗಸರ ತಲೆನೋವು ವಿನೋದದ ವಸ್ತುವಾಯಿತು. ಅಲೆಕ್ಸಾಂಡರ್ ಪೋಪ್ ಕವಿಯು ೧೭೧೪ರಲ್ಲಿ ವಿಸ್ತರಿಸಿ ಪ್ರಕಟಿಸಿದ ‘ದಿ ರೇಪ್ ಆಫ್ ದಿ ಲಾಕ್’ ಎಂಬ ವಿಡಂಬನ ಕಾವ್ಯದ ನಾಲ್ಕನೆಯ ಸರ್ಗದಲ್ಲಿ ಮುನಿಸಿನ ದೇವತೆಯ ಗುಹೆಯೊಂದು ಬರುತ್ತದೆ. ಆ ದೇವತೆ ಹಗಲಿನ ಬೆಳಕು ತಾಗದಂತೆ ಮರೆಮಾಡಿದ ಹಾಸಿಗೆಯಲ್ಲಿ ಮಲಗಿದ್ದಾಳೆ. ಅವಳ ಮಗ್ಗುಲಲ್ಲಿ ನೋವೂ ತಲೆಯ ಬಳಿ ಮೆಗ್ರಿಮ್ಮೂ ಪರಿಚಾರಿಕೆಯರಂತೆ ನಿಂತಿದ್ದಾರೆ.

ಈ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕವಿ ನಗಿಸಲು ಬರೆದಿದ್ದಾನೆ; ಆದರೆ ಬೆಳಕನ್ನು ದ್ವೇಷಿಸುವ ರೋಗಿ, ಮರೆಮಾಡಿದ ಹಾಸಿಗೆ, ಇವು ಸಾವಿರದ ಐನೂರು ವರ್ಷಗಳಷ್ಟು ಹಿಂದೆ ಅರಿಟೇಯಸ್ ವರ್ಣಿಸಿದ ಲಕ್ಷಣಗಳೇ. ವಿಡಂಬನೆಯೊಳಗೆ ರೋಗದ ನಿಜವಾದ ಲಕ್ಷಣ ಹಾಗೆಯೇ ಉಳಿದಿದೆ. ಆ ಕಾಲದ ಜನಕ್ಕೆ ಲಕ್ಷಣ ತಿಳಿದಿತ್ತು. ಆದರೆ ಅದನ್ನು ರೋಗದ ಗುರುತೆಂದು ಓದುವ ಬದಲು ಸ್ವಭಾವದ ಗುರುತೆಂದು ಓದಿದರು. ಸ್ಯಾಮ್ಯುಅಲ್ ಜಾನ್ಸನ್ನನು ೧೭೫೫ರ ತನ್ನ ನಿಘಂಟಿನಲ್ಲಿ ಈ ಶಬ್ದವನ್ನು ಗ್ರೀಕ್ ಮೂಲಕ್ಕೆ ಒಯ್ದು, ತಲೆಯ ಅಸ್ವಸ್ಥತೆ ಎಂದಷ್ಟೆ ಅರ್ಥ ಹೇಳಿ, ಬೇಕನ್ನನ ಮತ್ತು ಪೋಪನ ಪ್ರಯೋಗಗಳನ್ನು ಉದಾಹರಿಸಿದ್ದಾನೆ. ಒಂದೇ ಉಲ್ಲೇಖದಲ್ಲಿ ವೈದ್ಯದ ಮೆಗ್ರಿಮ್ಮೂ ವಿಡಂಬನೆಯ ಮೆಗ್ರಿಮ್ಮೂ ಅಕ್ಕಪಕ್ಕದಲ್ಲಿ ಕುಳಿತಿವೆ.

ನರದೌರ್ಬಲ್ಯದ ಚರ್ಚೆಯೇ ಶಬ್ದವನ್ನು ಕೆಡಿಸಿತೆಂದು ಹೇಳಿಬಿಡುವುದು ಸುಲಭ. ಆದರೆ ಕಾಲಾನುಕ್ರಮ ಅದಕ್ಕೆ ಒಪ್ಪುವುದಿಲ್ಲ. ಚಪಲವೆಂಬ ಅರ್ಥವು ಚೇನಿಯ ಗ್ರಂಥಕ್ಕಿಂತ ನೂರು ವರ್ಷಗಳಿಗೂ ಹಿಂದಿನದು. ಆದಕಾರಣ ಆ ಚರ್ಚೆಯು ಹೊಸ ಅರ್ಥವನ್ನು ಹುಟ್ಟಿಸಲಿಲ್ಲ, ಆಗಲೇ ಇದ್ದ ಅರ್ಥಕ್ಕೆ ಬಲ ಕೊಟ್ಟಿತು ಎನ್ನಬೇಕು. ಮೂಲಕಾರಣಗಳು ಮೂರು ಎಂದು ನನ್ನ ಅಭಿಪ್ರಾಯ. ಶಬ್ದದ ಒಳ ಅರ್ಥ ಇಂಗ್ಲಿಷ್ ಕಿವಿಗೆ ಕೇಳದೆ ಹೋದುದು ಮೊದಲನೆಯದು. ತಲೆಸುತ್ತೆಂಬ ಅರ್ಥವು ನಡುವೆ ಸೇತುವೆಯಂತೆ ಬಂದುದು ಎರಡನೆಯದು. ರೋಗಕ್ಕೆ ಹೊರಗಿನ ಗುರುತಿಲ್ಲದಿರುವುದು ಮೂರನೆಯದು. ಜ್ವರವನ್ನು ಮೈಮುಟ್ಟಿ ನೋಡಬಹುದು, ಗಾಯವನ್ನು ಕಣ್ಣಿನಿಂದ ಕಾಣಬಹುದು. ಅರೆತಲೆನೋವಿಗೆ ರೋಗಿಯ ಮಾತೊಂದೇ ಪ್ರಮಾಣ. ಅದು ಬಂದುಹೋದ ಮೇಲೆ ಯಾವ ಕುರುಹೂ ಉಳಿಯುವುದಿಲ್ಲ. ನಿನ್ನೆ ಕತ್ತಲೆ ಕೋಣೆಯಲ್ಲಿ ನರಳುತ್ತಿದ್ದವರು ಇಂದು ಎಂದಿನಂತೆ ಓಡಾಡುತ್ತಾರೆ. ನೋಡುವವರಿಗೆ ಅನುಮಾನ ಬರುತ್ತದೆ.

ಇದರೊಡನೆ ಇನ್ನೊಂದು ಬದಲಾವಣೆಯನ್ನೂ ಗುರುತಿಸಬಹುದು. ‘ನನಗೆ ತಲೆನೋವು’ ಎಂದು ಜನ ತಮ್ಮನ್ನು ಕುರಿತು ಹೇಳಿಕೊಳ್ಳುತ್ತಾರೆ. ‘ಮೆಗ್ರಿಮ್ಸ್’ ಎಂಬುದು ಹೀನಾರ್ಥ ಪಡೆದ ಮೇಲೆ ಬಹುಮಟ್ಟಿಗೆ ಇತರರನ್ನು ಕುರಿತು ಹೇಳುವ ಮಾತಾಯಿತು. ಉತ್ತಮಪುರುಷದ ಶಬ್ದವು ಪ್ರಥಮಪುರುಷಕ್ಕೆ ಸರಿಯಿತು. ನೋಯುವವನ ಕೈಯಿಂದ ಶಬ್ದ ಜಾರಿ ನೋಡುವವನ ಕೈಸೇರಿತು ಎಂಬುದೇ ಈ ಅರ್ಥಾಂತರದ ತಿರುಳು.

೬

ಶಬ್ದ ಹೀಗೆ ಹಗುರವಾದಾಗ ವೈದ್ಯರಿಗೆ ಬೇರೆ ಹೆಸರು ಬೇಕಾಯಿತು. ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ (೧೭೧೨-೧೭೮೦) ಈ ವ್ಯಾಧಿಯನ್ನು ಕುರಿತು ಬರೆದಾಗ ಜನರ ಬಾಯಲ್ಲಿದ್ದ, ‘ವಾಕರಿಕೆಯ ತಲೆನೋವು’ ಎಂಬರ್ಥದ ‘ಸಿಕ್ ಹೆಡೇಕ್’ ಎಂಬ ಹೆಸರನ್ನು ಬಳಸಿದನು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ‘ಮಿಗ್ರೇನ್’ ಎಂಬ ಫ್ರೆಂಚ್ ರೂಪವನ್ನು ಇಂಗ್ಲಿಷರು ಮತ್ತೊಮ್ಮೆ ಎರವಲು ಪಡೆದರು. ಇಂದು ನಾವು ‘ಮೈಗ್ರೇನ್’ ಎನ್ನುವುದು ಅದನ್ನೇ. ಒಂದೇ ಶಬ್ದವು ಒಂದೇ ಭಾಷೆಗೆ ಎರಡು ಸಲ ಬಂದು ಎರಡು ವೇಷಗಳಲ್ಲಿ ನಿಂತಿತು. ನಮ್ಮಲ್ಲಿ ಒಂದೇ ಸಂಸ್ಕೃತ ಶಬ್ದ ತತ್ಸಮವಾಗಿಯೂ ತದ್ಭವವಾಗಿಯೂ ಉಳಿಯುವಂತೆ ಇದನ್ನು ಭಾವಿಸಬಹುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧವು ಈ ವ್ಯಾಧಿಯ ಅಧ್ಯಯನದಲ್ಲಿ ಮಹತ್ತ್ವದ ಕಾಲ. ಬರ್ಲಿನ್ನಿನ ಶರೀರವಿಜ್ಞಾನಿ ಡು ಬ್ವಾ-ರೇಮಂಡ್ ತನಗೇ ಬರುತ್ತಿದ್ದ ನೋವನ್ನು ಪರಿಶೀಲಿಸಿ, ತಲೆಯ ರಕ್ತನಾಳಗಳ ಬಿಗಿತವೇ ಅದಕ್ಕೆ ಕಾರಣವೆಂದು ೧೮೬೦ರಲ್ಲಿ ಪ್ರತಿಪಾದಿಸಿದನು. ಖಗೋಲವಿಜ್ಞಾನಿ ಜಾರ್ಜ್ ಏರಿಯ ಮಗ ಹ್ಯೂಬರ್ಟ್ ಏರಿ ೧೮೭೦ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ನೋವಿಗೆ ಮೊದಲು ತನ್ನ ಕಣ್ಣಮುಂದೆ ಹೊಳೆಯುತ್ತ ಬೆಳೆಯುವ ಅಂಕುಡೊಂಕು ರೇಖೆಗಳನ್ನು ಅವನು ಚಿತ್ರಿಸಿ ತೋರಿಸಿದನು. ಅವು ಕೋಟೆಯ ಗೋಡೆಯ ನಕ್ಷೆಯಂತೆ ಇದ್ದುದರಿಂದ, ಗೋಡೆಯೆಂಬ ಅರ್ಥದ ಗ್ರೀಕ್ ಶಬ್ದವನ್ನು ಹಿಡಿದು ‘ಟೈಕೋಪ್ಸಿಯ’ ಎಂದು ಹೆಸರಿಟ್ಟನು. ಹೊರಗಿನವರಿಗೆ ಕಾಣದ ರೋಗಕ್ಕೆ ಹೀಗೆ ಕಾಣುವ ದಾಖಲೆ ಸಿಕ್ಕಿತು. ನೋವನ್ನು ಬರೆದವರು ಗಣ್ಯ ವಿಜ್ಞಾನಿಗಳಾದಾಗ ಅದನ್ನು ಯಾರೂ ಚಪಲವೆನ್ನಲಿಲ್ಲವೆಂಬುದೂ ಇಲ್ಲಿ ಸ್ಮರಣೀಯ.

೧೮೭೩ರಲ್ಲಿ ಎಡ್ವರ್ಡ್ ಲಿವಿಂಗ್ ಎಂಬ ವೈದ್ಯನು ಈ ವ್ಯಾಧಿಯನ್ನು ಕುರಿತು ಬೃಹದ್ಗ್ರಂಥವನ್ನು ರಚಿಸಿದನು. ಅದರ ಹೆಸರಿನಲ್ಲಿ ಅವನು ಮೊದಲಿಗೆ ಇಟ್ಟುದು ‘ಮೆಗ್ರಿಮ್’ ಶಬ್ದವನ್ನೇ. ನರಮಂಡಲದಲ್ಲಿ ಕಾಲಕಾಲಕ್ಕೆ ಏಳುವ ಬಿರುಗಾಳಿಯಂಥ ಕ್ಷೋಭೆಯೇ ಈ ರೋಗವೆಂಬುದು ಅವನ ಸಿದ್ಧಾಂತ. ರಕ್ತನಾಳಗಳ ವಾದವನ್ನು ಅವನು ಒಪ್ಪಲಿಲ್ಲ. ಬಳಕೆಯಲ್ಲಿ ಹೀನವಾಗಿದ್ದ ಹಳೆಯ ಮಾತಿಗೆ ವಿದ್ವಾಂಸನೊಬ್ಬ ಅದರ ಗೌರವವನ್ನು ಮರಳಿ ಕೊಡಲು ಮಾಡಿದ ಪ್ರಯತ್ನದಂತೆ ಇದು ತೋರುತ್ತದೆ. ಪ್ರಯತ್ನ ಫಲಿಸಲಿಲ್ಲ. ಮುಂದಿನ ವೈದ್ಯಗ್ರಂಥಗಳಲ್ಲಿ ‘ಮೈಗ್ರೇನ್’ ನಿಂತಿತು, ‘ಮೆಗ್ರಿಮ್’ ಹೊರಬಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಉಳಿದುದು ಮುಖ್ಯವಾಗಿ ಜಾರ್ಜೆಟ್ ಹೇಯರಳಂಥವರು ಹಳೆಯ ಕಾಲವನ್ನು ಚಿತ್ರಿಸಿ ಬರೆದ ಕಾದಂಬರಿಗಳಲ್ಲಿ, ಮುನಿಸಿನ ಅರ್ಥದಲ್ಲಿ. ಇದೇ ರೂಪದ ಹೆಸರುಳ್ಳ ಒಂದು ಚಪ್ಪಟೆ ಮೀನೂ ಇದೆ. ಆ ಹೆಸರು ಕೊಳ್ಳುವವರಿಗೆ ಹಿತವಾಗಿಲ್ಲವೆಂದು ೨೦೨೧ರಲ್ಲಿ ಕಾರ್ನ್‌ವಾಲಿನ ಮೀನುಗಾರರು ಅದಕ್ಕೆ ಬೇರೆ ಹೆಸರಿಡಲು ಹೊರಟರು.

೭

ಈಗ ನಮ್ಮ ಕಡೆಗೆ ತಿರುಗೋಣ. ಕನ್ನಡದಲ್ಲಿ ತಲೆನೋವು, ತಲೆಬೇನೆ, ತಲೆಶೂಲೆ ಎಂಬ ಮಾತುಗಳಿವೆ. ‘ವೇದನೆ’ಯ ತದ್ಭವವಾದ ‘ಬೇನೆ’ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಯಾವುದೇ ಕಾಯಿಲೆಗೂ ಸಲ್ಲುತ್ತದೆ. ‘ಹೆರಿಗೆ ಬೇನೆ’ ಎಂಬಲ್ಲಿ ವಿಶೇಷಾರ್ಥವನ್ನೂ ಪಡೆದಿದೆ. ಆದರೆ ಎಷ್ಟೇ ವಿಸ್ತಾರಗೊಂಡರೂ ಅದು ನೋವಿನ ಎಲ್ಲೆಯನ್ನು ದಾಟಿಲ್ಲ. ‘ಈ ಕೆಲಸವೇ ಒಂದು ತಲೆನೋವು’ ಎಂದು ಲಕ್ಷಣಾರ್ಥದಲ್ಲಿ ಹೇಳುವಾಗಲೂ ನೋಯುವುದು ಹೇಳುವವನ ತಲೆಯೇ. ‘ಅರೆತಲೆನೋವು’ ಚಪಲವೆಂಬ ಅರ್ಥ ಪಡೆದಿಲ್ಲ. ಶಬ್ದದ ಪಾರದರ್ಶಕತೆಯು ಅದನ್ನು ಕಾಪಾಡಿದೆಯೆಂದು ಹೇಳಬಹುದು.

ಆದರೆ ಇಲ್ಲಿಗೇ ನಿಂತರೆ ನಾವು ನಮ್ಮನ್ನೇ ಹೊಗಳಿಕೊಂಡಂತಾಗುತ್ತದೆ. ಶಬ್ದ ಕೆಡದಿದ್ದ ಮಾತ್ರಕ್ಕೆ ನೋಯುವವರ ಮಾತನ್ನು ನಾವು ನಂಬಿದ್ದೇವೆಂದಲ್ಲ. ತಲೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗಿದ ಸೊಸೆಯನ್ನು ಕುರಿತು ‘ಕೆಲಸಕ್ಕೆ ಕಳ್ಳಿ’ ಎಂದ ಮನೆಗಳು ನಮ್ಮಲ್ಲಿ ಕಡಮೆಯಿರಲಿಲ್ಲ. ಬೆಂಗಳೂರಿನ ‘ನಿಮ್ಹಾನ್ಸ್’ ಸಂಸ್ಥೆಯ ತಜ್ಞರು ವಿದೇಶದ ತಜ್ಞರೊಡನೆ ಕೂಡಿ, ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಸುಮಾರು ೨,೩೦೦ ವಯಸ್ಕರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶಗಳು ೨೦೧೪-೧೫ರ ಸುಮಾರಿಗೆ ಪ್ರಕಟವಾದವು. ವರ್ಷವೊಂದರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅರೆತಲೆನೋವು ಬರುತ್ತದೆಂದೂ ಹೆಂಗಸರಲ್ಲಿ ಅದು ಹೆಚ್ಚೆಂದೂ ಅವು ತಿಳಿಸುತ್ತವೆ. ಇಷ್ಟು ವ್ಯಾಪಕವಾದ ನೋವು ನಮ್ಮ ಸಾಮಾಜಿಕ ಚರಿತ್ರೆಯ ಪುಟಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇಂಗ್ಲಿಷರು ಅದಕ್ಕೆ ಹೀನವಾದ ಹೆಸರು ಕೊಟ್ಟರು. ನಾವು ಸರಿಯಾದ ಹೆಸರಿಟ್ಟುಕೊಂಡು ಬರೆಯದೆ ಬಿಟ್ಟೆವು.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಾರ್ಲ್ಸ್ ಸಿಂಗರ್ ಎಂಬ ವಿಜ್ಞಾನ ಚರಿತ್ರಕಾರನು, ಹಿಲ್ಡೆಗಾರ್ಡಳ ಗ್ರಂಥದ ಚಿತ್ರಗಳಲ್ಲಿ 

ಹೊಳೆಯುವ ಆಕೃತಿಗಳನ್ನು ಕಂಡು, ಅವಳ ದೈವಿಕ ದರ್ಶನಗಳೆಲ್ಲ ಈ ವ್ಯಾಧಿಯ ಫಲವೆಂದು ವಾದಿಸಿದನು. ಆ ವಾದ ಬಹಳ ಪ್ರಸಿದ್ಧವಾಯಿತು. ಆದರೆ ಈ ನೋವನ್ನು ಅದರ ಹೆಸರು ಹಿಡಿದೇ ವಿಚಾರಮಾಡಿದ ಗ್ರಂಥವೂ ಅವಳ ಹೆಸರಿನಲ್ಲಿಯೇ ಉಳಿದಿದೆ. ದರ್ಶನಗಳಿಗೆ ಅವಳು ಬೇರೆ ಮೂಲವನ್ನೇ ಹೇಳುತ್ತಾಳೆ. ಒಬ್ಬರು ರೋಗವೆಂದುದನ್ನು ಚಪಲವೆನ್ನುವುದು ಹೇಗೆ ತಪ್ಪೋ, ಅವರು ರೋಗವೆನ್ನದುದನ್ನು ನಾವು ಆತುರದಿಂದ ರೋಗವೆನ್ನುವುದೂ ಹಾಗೆಯೇ ತಪ್ಪು. ಎರಡರಲ್ಲಿಯೂ ಸಾಕ್ಷಿಯ ಬಾಯಿ ಕಟ್ಟಿದಂತಾಗುತ್ತದೆ.

ಇಂಥ ಶಬ್ದ ಎದುರಾದಾಗ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಬರಹ ಯಾವ ಕಾಲದ್ದು? ಶಬ್ದ ಏಕವಚನದಲ್ಲಿದೆಯೋ ಬಹುವಚನದಲ್ಲಿದೆಯೋ? ಬರಹವು ವೈದ್ಯವೋ, ಪತ್ರವೋ, ವಿಡಂಬನೆಯೋ? ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಆ ಮಾತನ್ನು ಹೇಳಿದವರು ನೋವುಂಡವರೋ, ನೋಡಿದವರೋ? ನಮ್ಮ ತರಗತಿಯ ಆ ಇಬ್ಬರು ವಿದ್ಯಾರ್ಥಿಗಳ ನಿಘಂಟುಗಳು ಎರಡೂ ಸರಿಯಾಗಿದ್ದವು. ಯಾವ ಪುಟಕ್ಕೆ ಯಾವ ಅರ್ಥ ಸಲ್ಲುತ್ತದೆಂಬುದನ್ನು ಮಾತ್ರ ನಿಘಂಟು ಹೇಳಲಾರದು. ಅದನ್ನು ತೀರ್ಮಾನಿಸುವ ಹೊಣೆ ಓದುವವನದು.